ನೆರೆಕರೆಗೆ ಹೇಳಿಕೆ

ಮಂಗಳೂರಿನ ಈ ಅಡ್ಡರಸ್ತೆಗೆ ನಾವು ಮನೆ ಬದಲಾಯಿಸಿದಾಗ ಅಭಿನಂದಿಸದವರೇ ಇಲ್ಲ. ಶಾಲೆಯ ಸಹೋದ್ಯೋಗಿಗಳು, ಬಂಟ್ವಾಳದ ನೆಂಟರು, ಕೊನೆಗೆ ಸಾಮಾನು ತಂದ ಟೆಂಪೋದ ಚಾಲಕ ಕೂಡ, "ಒಳ್ಳೆ ಏರಿಯಾ ಟೀಚರೇ, ಒಂದು ಸದ್ದಿಲ್ಲ, ಗಲಾಟೆ ಇಲ್ಲ" ಎಂದ. ಆಗ ನಾನೂ ಹೆಮ್ಮೆಯಿಂದ ತಲೆಯಾಡಿಸಿದ್ದೆ. ಎರಡು ವರ್ಷ ಕಳೆದ ಮೇಲೆ ಈಗ ಯಾರಾದರೂ ಹಾಗೆ ಹೇಳಿದರೆ ಮೈಯೆಲ್ಲ ಉರಿಯುತ್ತದೆ. ಸದ್ದಿಲ್ಲ ಎನ್ನುವುದೂ ಒಂದು ಗುಣವೇ? ಬೀಗ ಹಾಕಿದ ಗೋದಾಮಿನಲ್ಲೂ ಸದ್ದಿರುವುದಿಲ್ಲ.

ನಾವು ಬಂಟ್ವಾಳ ತಾಲೂಕಿನ ವಾಮದಪದವಿನವರು. ಅಲ್ಲಿಯೇ ಹತ್ತಿರದ ಪ್ರೌಢಶಾಲೆಯಲ್ಲಿ ನಾನು ಗಣಿತ ಕಲಿಸುತ್ತಿದ್ದೆ. ಮಂಗಳೂರಿಗೆ ವರ್ಗವಾದ ಮೇಲೆ ಒಂದು ವರ್ಷ ಬಸ್ಸಿನಲ್ಲೇ ಓಡಾಡಿದೆ. ಬಿ.ಸಿ.ರೋಡಿನಲ್ಲಿ ಇಳಿದು ಇನ್ನೊಂದು ಬಸ್ಸು ಹಿಡಿದು, ನಿಂತೇ ಬಂದು, ನಿಂತೇ ಪಾಠ ಮಾಡಿ, ನಿಂತೇ ಮರಳಿ ಹೋಗುವುದು. ಸೊಂಟ ಕೈಕೊಟ್ಟಿತು. ನನ್ನ ಗಂಡ ಅಷ್ಟರಲ್ಲಿ ಬಂಟ್ವಾಳದ ಕಚೇರಿಯಿಂದ ನಿವೃತ್ತರಾಗಿದ್ದರು, ಮಗಳಿಗೆ ಮಂಗಳೂರಿನಲ್ಲೇ ಕೆಲಸವಾಗಿತ್ತು. ಊರಿನ ಮನೆಯಲ್ಲಿ ಮೈದುನನ ಸಂಸಾರ ತುಂಬಿಕೊಂಡಿತ್ತು. ಅತ್ತೆ ಅವರೊಂದಿಗೆ ಇರಬಹುದಿತ್ತು. "ಪುಳ್ಳಿ ಇರುವಲ್ಲಿ ನಾನು" ಎಂದು ಹೇಳಿ, ತಾವು ಸಾಕಿ ಬೆಳೆಸಿದ ಮೊಮ್ಮಗಳ ಹಿಂದೆ ಟ್ರಂಕು ಹಿಡಿದು ಹೊರಟೇಬಿಟ್ಟರು.

ರಸ್ತೆಯಲ್ಲಿ ಹದಿನಾಲ್ಕು ಮನೆಗಳು. ಎಲ್ಲವೂ ನಲವತ್ತು ವರ್ಷಗಳಷ್ಟು ಹಳೆಯವು, ಎಲ್ಲಕ್ಕೂ ಎದೆಯೆತ್ತರದ ಆವರಣದ ಗೋಡೆ, ಗೇಟಿನ ಪಕ್ಕ ಒಂದು ಮಾವಿನ ಮರ. ನಿವೃತ್ತ ಬ್ಯಾಂಕ್ ಅಧಿಕಾರಿಗಳು, ವೈದ್ಯರು, ಗಲ್ಫಿನಿಂದ ಮರಳಿದವರು. ಅವರೆಲ್ಲ ಒಬ್ಬರಿಗೊಬ್ಬರು ಹಳಬರು. ಹೊಸಬರು ಅಂತ ಇದ್ದದ್ದು ಬಾಡಿಗೆಗೆ ಬಂದ ನಾವು ಮಾತ್ರ.

ವಾಮದಪದವಿನಲ್ಲಿ ಯಾರಾದರೂ ಹೊಸದಾಗಿ ಮನೆ ಮಾಡಿದರೆ ಟೆಂಪೋದಿಂದ ಒಲೆ ಇಳಿಯುವ ಮೊದಲೇ ಪಕ್ಕದ ಮನೆಯಿಂದ ಒಂದು ತಂಬಿಗೆ ಚಹಾ ಬರುತ್ತದೆ. ಚಹಾದ ಹಿಂದೆಯೇ ಪ್ರಶ್ನೆಗಳೂ ಬರುತ್ತವೆ: ಎಲ್ಲಿಯವರು, ಯಾರ ಕಡೆ, ಮಕ್ಕಳೆಷ್ಟು, ಬಾವಿಯ ನೀರು ನೋಡಿದಿರಾ. ಇಲ್ಲಿಯೂ ಹಾಗೆಯೇ ಎಂದುಕೊಂಡು ಅತ್ತೆ ಮೊದಲು ತಮ್ಮ ಟ್ರಂಕನ್ನು ಬಿಚ್ಚಿ ಬೆಲ್ಲದ ಡಬ್ಬಿ ತೆಗೆದರು. ಬಂದವರಿಗೆ ಕೊಡಲು ತಟ್ಟೆಯಲ್ಲಿ ಬೆಲ್ಲದ ತುಂಡುಗಳು, ಚೊಂಬಿನಲ್ಲಿ ನೀರು. ಜಗಲಿಯಲ್ಲಿ ಕುರ್ಚಿ ಹಾಕಿ ಕೂತರು. ಬಂದವರು ಒಬ್ಬರೇ. ಚಡ್ಡಿ, ಟೊಪ್ಪಿ ಹಾಕಿಕೊಂಡು ವಾಕಿಂಗ್ ಮುಗಿಸಿ ಬರುತ್ತಿದ್ದ ಮೂರನೆಯ ಮನೆಯ ಹಿರಿಯರು. ಗೇಟಿನ ಹೊರಗೇ ನಿಂತು, "ಈ ಟೆಂಪೋ ಇನ್ನೂ ಎಷ್ಟು ಹೊತ್ತು? ನನಗೆ ಕಾರು ತೆಗೀಲಿಕ್ಕುಂಟು" ಎಂದರು. ಅತ್ತೆ ತುಳುವಿನಲ್ಲಿ "ಒಳಗೆ ಬನ್ನಿ" ಎಂದು ಕರೆದರು. ಅವರು ಕನ್ನಡದಲ್ಲಿ "ಇನ್ನೊಮ್ಮೆ, ಇನ್ನೊಮ್ಮೆ" ಎಂದರು. ಹೋಗುವ ಮುನ್ನ ನನ್ನ ಗಂಡನ ಮೊಬೈಲ್ ನಂಬರು ಕೇಳಿ ಪಡೆದರು, ರಸ್ತೆಯವರ ವಾಟ್ಸಾಪ್ ಗುಂಪಿಗೆ ಸೇರಿಸಲು. ಅತ್ತೆ ಸಂಜೆಯವರೆಗೆ ಕಾದು, ಇರುವೆ ಹತ್ತಲು ಶುರುವಾದ ಮೇಲೆ ಒಂದು ತುಂಡು ಬೆಲ್ಲವನ್ನು ತಾವೇ ಬಾಯಿಗೆ ಹಾಕಿಕೊಂಡು ಒಳಗೆ ಬಂದರು.

ಆ ಗುಂಪು ಒಂದು ವಿಚಿತ್ರ ಊರು. ಅಲ್ಲಿ ಎಲ್ಲರೂ ಎಲ್ಲರಿಗೂ ಬೆಳಿಗ್ಗೆ ಹೂವಿನ ಚಿತ್ರ ಕಳಿಸುತ್ತಾರೆ, ಹುಟ್ಟುಹಬ್ಬಕ್ಕೆ ಕೇಕು ಕಳಿಸುತ್ತಾರೆ. ರಸ್ತೆಯಲ್ಲಿ ಎದುರಾದರೆ ಮಾತ್ರ ಗುರುತಿಲ್ಲ. ದೂರು ಹೇಳುವುದಿದ್ದರೂ ಮನೆಯ ಬಾಗಿಲಿಗೆ ಬರುವುದಿಲ್ಲ, "ದಯವಿಟ್ಟು" ಎಂದು ಆರಂಭಿಸಿ ಗುಂಪಿಗೆ ಹಾಕುತ್ತಾರೆ. ಮೊದಲ ಬೇಸಿಗೆಯಲ್ಲಿ ಅತ್ತೆ ಹಲಸಿನ ಹಪ್ಪಳ ತಟ್ಟಿ ಗೋಡೆಯ ಮೇಲೆ ಚಾಪೆ ಹಾಸಿ ಒಣಗಲು ಇಟ್ಟಿದ್ದರು. ಮಧ್ಯಾಹ್ನ ನಾನು ಶಾಲೆಯಲ್ಲಿದ್ದಾಗ ನನ್ನ ಗಂಡ ಫೋನ್ ಮಾಡಿದರು. ಹಪ್ಪಳದ ಫೋಟೋ ಗುಂಪಿನಲ್ಲಿದೆ, ಕೆಳಗೆ "ದಯವಿಟ್ಟು ಆವರಣದ ಗೋಡೆಯ ಅಂದ ಕಾಪಾಡಿ" ಎಂದು. ಯಾರ ಹೆಸರೂ ಇಲ್ಲ. ಹೆಸರು ಹೇಳಿ ಬೈದಿದ್ದರೆ ನಾನು ತಿರುಗಿ ಬೈಯಬಹುದಿತ್ತು, ಜಗಳವಾಗುತ್ತಿತ್ತು, ಜಗಳದಿಂದಾದರೂ ಪರಿಚಯವಾಗುತ್ತಿತ್ತು. ಈ ಜನ ಅದಕ್ಕೂ ಕಲ್ಲು ಹಾಕಿದರು. ಅತ್ತೆ ಆ ಹಪ್ಪಳವನ್ನೇ ಡಬ್ಬಿಗಳಲ್ಲಿ ತುಂಬಿಸಿ ನಾಲ್ಕು ಮನೆಗೆ ನನ್ನ ಕೈಯಲ್ಲಿ ಕಳಿಸಿದರು. ನಾಲ್ಕು ಡಬ್ಬಿಗಳೂ ಎರಡು ದಿನದಲ್ಲಿ ತೊಳೆದು ಒರೆಸಿ ಮರಳಿ ಬಂದವು, ಖಾಲಿಯಾಗಿ. ನಮ್ಮ ಕಡೆ ಕೊಟ್ಟ ಪಾತ್ರೆಯನ್ನು ಖಾಲಿ ಕಳಿಸುವುದಿಲ್ಲ. ಒಂದು ಹಿಡಿ ಸಕ್ಕರೆಯನ್ನಾದರೂ, ಏನೂ ಇಲ್ಲದಿದ್ದರೆ ನಾಲ್ಕು ಹಸಿಮೆಣಸನ್ನಾದರೂ ಹಾಕಿ ಕಳಿಸುತ್ತಾರೆ. ಅತ್ತೆ ಪ್ರತಿ ಡಬ್ಬಿಯ ಮುಚ್ಚಳ ತೆಗೆದು ನೋಡಿದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ.

ನಮ್ಮ ಎದುರು ಮನೆಯಲ್ಲಿ ಎಪ್ಪತ್ತರ ಆಸುಪಾಸಿನ ಹೆಂಗಸೊಬ್ಬರಿದ್ದರು. ಬೆಳಿಗ್ಗೆ ನಾನು ಶಾಲೆಗೆ ಹೊರಡುವ ಹೊತ್ತಿಗೆ ಹೆಗಲ ಮೇಲೆ ಮೈ ಒರೆಸುವ ಬೈರಾಸು ಹಾಕಿಕೊಂಡು ಹೂಕುಂಡಗಳಿಗೆ ನೀರು ಹಾಕುತ್ತಿದ್ದರು. ನನ್ನನ್ನು ಕಂಡರೆ "ಹೊರಟಿರಾ?" ಎಂದು ಒಂದೇ ಮಾತು. ನಾನು ಉತ್ತರಿಸುವಷ್ಟರಲ್ಲಿ ಒಳಗೆ ಹೋಗಿಯಾಗಿರುತ್ತಿತ್ತು. ಜಂಬ ಎಂದುಕೊಂಡೆ. ಅವರ ಯಜಮಾನರನ್ನು ನಾವು ನೋಡಿಯೇ ಇರಲಿಲ್ಲ. ಅವರೂ ದೊಡ್ಡ ಮನುಷ್ಯರಿರಬೇಕು, ಕೆಳಗೆ ನೋಡುವವರಲ್ಲ ಎಂದು ನಾನೂ ನನ್ನ ಗಂಡನೂ ತೀರ್ಮಾನಿಸಿಬಿಟ್ಟಿದ್ದೆವು.

ನಾವು ಬಂದು ಆರೇಳು ತಿಂಗಳಾಗಿರಬೇಕು, ಗುಂಪಿನಲ್ಲಿ ಅವರ ಸಂದೇಶ ಬಂತು. "ಭಾನುವಾರ ನಮ್ಮ ಮನೆಯಲ್ಲಿ ಸತ್ಯನಾರಾಯಣ ಪೂಜೆ. ಎಲ್ಲರೂ ಬರಬೇಕು." ನನ್ನ ಗಂಡ ಅದನ್ನು ಗಟ್ಟಿಯಾಗಿ ಓದಿದರು.

"ಹೇಳಿಕೆ ಎಲ್ಲಿ ಉಂಟು?" ಎಂದು ಕೇಳಿದರು ಅತ್ತೆ.

"ಇದೇ ಹೇಳಿಕೆ ಅಮ್ಮ, ಮೊಬೈಲಿನಲ್ಲಿ."

"ರಸ್ತೆ ದಾಟಿ ಬರ್ಲಿಕ್ಕೆ ಎಷ್ಟು ಹೆಜ್ಜೆ ಉಂಟು? ಹತ್ತು ಹೆಜ್ಜೆ ನಡೆದು ಹೇಳದವರ ಮನೆಗೆ ಊಟಕ್ಕೆ ಹೋಗುವುದಾ? ನಮಗೆಂತ ಅನ್ನ ಇಲ್ವಾ?"

ನಮ್ಮ ಕಡೆಯವರಿಗೆ ಈ ಮಾತಿಗೆ ವಿವರಣೆ ಬೇಡ. ಹೇಳಿಕೆ ಎಂದರೆ ಆಮಂತ್ರಣವೇ, ಆದರೆ ಕಾಗದವಲ್ಲ, ಬಾಯಿಮಾತು. ಮನೆಯವರು ಯಾರಾದರೂ ಬಂದು, ಜಗಲಿಯಲ್ಲಿ ಕೂತು, ಬೆಲ್ಲ ತಿಂದು ನೀರು ಕುಡಿದು, "ಇಂಥ ದಿನ ಇಂಥ ಕಾರ್ಯ ಉಂಟು, ಮನೆಯವರೆಲ್ಲ ಬಂದು ಸುಧಾರಿಸಿ ಕೊಡಬೇಕು" ಎಂದು ಹೇಳಬೇಕು. ಸುಧಾರಿಸಿ ಕೊಡುವುದೆಂದರೆ ಉಂಡು ಕೈತೊಳೆದು ಹೋಗುವುದಲ್ಲ. ಮುನ್ನಾದಿನವೇ ಬಂದು ತರಕಾರಿ ಹೆಚ್ಚುವುದು, ಕಾಯಿ ತುರಿಯುವುದು, ಮರುದಿನ ಬಡಿಸಿ ಕೊನೆಯ ಪಂಕ್ತಿಯಲ್ಲಿ ತಾವು ಕೂರುವುದು. ಕನ್ಯಾನದ ನೆಂಟರೊಬ್ಬರು ಮದುವೆಯ ಕಾಗದವನ್ನು ಅಂಚೆಯಲ್ಲಿ ಕಳಿಸಿದರೆಂದು ನನ್ನ ಮಾವ ಆ ಮದುವೆಗೆ ಹೋಗಲೇ ಇಲ್ಲ. ಮುಂದೆ ಎಂಟು ವರ್ಷ ಎರಡು ಮನೆಗಳಿಗೂ ಮಾತಿರಲಿಲ್ಲ. ನಾನು ಮದುವೆಯಾಗಿ ಬಂದ ಹೊಸದರಲ್ಲಿ ಈ ಕಥೆ ಕೇಳಿ ನಕ್ಕಿದ್ದೆ. ಆ ಭಾನುವಾರ ಮಾತ್ರ ಅತ್ತೆಯ ಮಾತು ನನಗೆ ಪೂರ್ತಿ ಸರಿ ಎನ್ನಿಸಿತು. ಹಪ್ಪಳದ ಸಿಟ್ಟು ಇನ್ನೂ ಇತ್ತಲ್ಲ. ಎದುರು ಮನೆಯಿಂದ ತುಪ್ಪದಲ್ಲಿ ರವೆ ಹುರಿಯುವ ಪರಿಮಳ ಬಂದಾಗ ನಾನೇ ಹೋಗಿ ಕಿಟಕಿ ಮುಚ್ಚಿದೆ. ಅಂದಿನಿಂದ ಅವರು "ಹೊರಟಿರಾ?" ಎಂದು ಕೇಳುವುದನ್ನೂ ಬಿಟ್ಟರು. ಬಿಡಲಿ ಎಂದುಕೊಂಡೆ.

ಈ ವರ್ಷ ಮಗಳ ಮದುವೆ ನಿಶ್ಚಯವಾಯಿತು. ಹುಡುಗನ ಮನೆ ಬೆಳ್ತಂಗಡಿಯ ಪಕ್ಕದ ಲಾಯಿಲ. ನಮ್ಮ ಊರಿನವರಿಗೂ ಅವರಿಗೂ ಅನುಕೂಲವಾಗಲೆಂದು ಮೂಡುಬಿದಿರೆಯಲ್ಲಿ ಸಭಾಭವನ ಹಿಡಿದೆವು. ಅಡುಗೆಗೆ ಕ್ಯಾಟರಿಂಗಿನವರನ್ನು ಗೊತ್ತು ಮಾಡಿದ್ದು ನಾನು. ಪರೀಕ್ಷೆಯ ಉತ್ತರಪತ್ರಿಕೆಗಳ ಕಟ್ಟು ಮೇಜಿನ ಮೇಲಿತ್ತು, ಸೊಂಟ ನೋವು ಹೋಗಿರಲಿಲ್ಲ. ಎಲೆ ಹಾಕುವುದರಿಂದ ಎಲೆ ತೆಗೆಯುವವರೆಗೆ ಎಲ್ಲ ಅವರದೇ ಜವಾಬ್ದಾರಿ ಎಂದು ಮಾತಾಯಿತು. ಅತ್ತೆ ಕೇಳಿದರು, "ಮುನ್ನಾದಿನಕ್ಕೆ ಮನೆಯಲ್ಲಿ ಏನೂ ಇಲ್ವಾ?"

"ಏನೂ ಇಲ್ಲ. ನಾವು ಸೀರೆ ಉಟ್ಟುಕೊಂಡು ಹೋದರೆ ಆಯ್ತು" ಎಂದೆ. ನಾನು ಅದನ್ನು ಸಾಧನೆ ಎಂಬಂತೆ ಹೇಳಿದ್ದೆ.

ಅತ್ತೆಯ ಚಿಂತೆ ಬೇರೆ ಇತ್ತು. ಲಾಯಿಲದಿಂದ ನೆರೆಕರೆಯವರದ್ದೇ ಒಂದು ಬಸ್ಸು ಹೊರಡುತ್ತದೆ ಎಂದು ಬೀಗರು ಹೇಳಿದ್ದನ್ನು ಅವರು ಕೇಳಿಸಿಕೊಂಡಿದ್ದರು. ವಾಮದಪದವಿನ ನಮ್ಮವರು ಹೇಗೂ ಬರುತ್ತಾರೆ. ಆದರೆ ಹುಡುಗಿ ಈಗ ಇರುವ ಮನೆಯ ನೆರೆಕರೆ?

"ಅವಳು ಇರುವಲ್ಲಿಂದ ಒಬ್ಬರಾದರೂ ಬೇಡ್ವಾ? ಅವಳೆಂತ ಲಾಡ್ಜಿನಲ್ಲಿ ಇದ್ದವಳಾ? ಒಂದು ಜನ ಸಾಕು ಮಾರಾಯ್ತಿ, ಒಂದೇ ಜನ. ಇವರು ನಮ್ಮ ನೆರೆಕರೆ ಅಂತ ತೋರಿಸ್ಲಿಕ್ಕೆ" ಎಂದರು. ಎಂಬತ್ತು ದಾಟಿದ ಹೆಂಗಸು. ವಾಮದಪದವಿನಲ್ಲಿ ಅವರು ತರಕಾರಿ ಹೆಚ್ಚಲು ಚೂರಿ ಹಿಡಿದು ಕೂರದ ಮದುವೆ ಮನೆ ಇಲ್ಲ. ಇಷ್ಟು ವರ್ಷ ಊರಿನವರಿಗೆಲ್ಲ ಸುಧಾರಿಸಿ ಕೊಟ್ಟು, ತಮ್ಮ ಪುಳ್ಳಿಯ ಮದುವೆಗೆ ನೆರೆಕರೆಯಿಂದ ಒಬ್ಬರಿಲ್ಲ ಎಂದಾದರೆ ಅದು ಅವರಿಗೆ ಸಣ್ಣ ಅವಮಾನವಲ್ಲ. ಗುಂಪಿಗೆ ಕಾರ್ಡಿನ ಚಿತ್ರ ಹಾಕಿಬಿಡುವ ಎಂದು ನನ್ನ ಗಂಡ ಹೇಳಿದ್ದಕ್ಕೆ ಅವರು ಮೂರು ದಿನ ಮಗನೊಂದಿಗೆ ಮಾತಾಡಲಿಲ್ಲ.

ಹಾಗಾಗಿ ಒಂದು ಭಾನುವಾರ ಬೆಳಿಗ್ಗೆ ಸೀರೆ ಉಟ್ಟು, ಕಾರ್ಡುಗಳನ್ನು ಹಿಡಿದು, ಹದಿಮೂರು ಮನೆಗೆ ನಾನು ಹೇಳಿಕೆಗೆ ಹೊರಟೆ. ಮೊದಲ ಮನೆಯಲ್ಲಿ ಗೇಟಿನ ಕಂಬದಲ್ಲಿದ್ದ ಯಂತ್ರ ಮಾತಾಡಿತು, "ಯಾರು?" ನಾನು ಕಂಬಕ್ಕೆ ನಮ್ಮ ಮನೆತನ ಹೇಳಿದೆ. "ಕಾರ್ಡ್ ಬಾಕ್ಸಿಗೆ ಹಾಕಿ" ಎಂದಿತು. ಕಂಬಕ್ಕೆ, "ಬಂದು ಸುಧಾರಿಸಿ ಕೊಡಬೇಕು" ಎಂದು ಹೇಳಿ ಮುಂದೆ ಹೋದೆ. ಚಡ್ಡಿ ಟೊಪ್ಪಿಯ ಹಿರಿಯರು ಕಾರ್ಡನ್ನು ತಿರುಗಿಸಿ ನೋಡಿ, "ಮೂಡುಬಿದಿರೆಯಾ? ದೂರ ಆಯ್ತು. ಗ್ರೂಪಿಗೆ ಹಾಕಿದ್ರೆ ಸಾಕಿತ್ತು, ಈ ಬಿಸಿಲಿಗೆ ಯಾಕೆ ಬರ್ಲಿಕ್ಕೆ ಹೋದ್ರಿ" ಎಂದರು. ಬಸ್ಸು ಮಾಡಿದ್ದೇವೆ, ಇಲ್ಲಿಂದಲೇ ಹೊರಡುತ್ತದೆ ಎಂದೆ. "ನೋಡುವ, ನೋಡುವ" ಎಂದರು. ವೈದ್ಯರ ಮನೆಯಲ್ಲಿ ಕೆಲಸದವಳು ಕಾರ್ಡು ತೆಗೆದುಕೊಂಡಳು. ಇನ್ನೊಂದು ಮನೆಯಲ್ಲಿ ಒಳಗೆ ಟಿ.ವಿ. ಓಡುತ್ತಿತ್ತು, ಬಾಗಿಲು ತೆರೆಯಲಿಲ್ಲ. ಎಂಟು ಒಂಬತ್ತನೆಯ ಮನೆಗೆ ಹೋಗುವಷ್ಟರಲ್ಲಿ ನನ್ನ ಬಾಯಲ್ಲಿ ಆ ಮಾತು ತರಗತಿಯಲ್ಲಿ ಹಾಜರಿ ಕರೆದ ಹಾಗೆ ಬರುತ್ತಿತ್ತು, ಅರ್ಥವೇ ಇಲ್ಲದೆ. ಯಾಕಾದರೂ ಈ ಹಾಳು ರಸ್ತೆಗೆ ಬಂದೆವೋ ಎಂದು ಅಂದಷ್ಟು ನಾನು ಎಂದೂ ಶಪಿಸಿಲ್ಲ.

ಎದುರು ಮನೆಯನ್ನು ಕೊನೆಗೆ ಇಟ್ಟುಕೊಂಡಿದ್ದೆ, ಹೋಗುವ ಮನಸ್ಸಿಲ್ಲದೆ. ಅವರೇ ಗೇಟು ತೆರೆದು ಒಳಗೆ ಕರೆದರು. ಚಾವಡಿಯಲ್ಲಿ ಆಸ್ಪತ್ರೆಯ ಮಂಚದಂಥದ್ದು ಇತ್ತು, ಅದರ ಮೇಲೆ ಅವರ ಯಜಮಾನರು ಮಲಗಿದ್ದರು. ಒಂದು ಕಡೆಯ ಕೈ ಕಾಲು ಬಿದ್ದುಹೋಗಿ ಎರಡು ವರ್ಷಕ್ಕೆ ಹತ್ತಿರವಾಯಿತಂತೆ. ಹತ್ತು ಹೆಜ್ಜೆಯ ಆಚೆ ಇದ್ದೂ ನನಗೆ ಗೊತ್ತಿರಲಿಲ್ಲ. ವಾಮದಪದವಿನಲ್ಲಾಗಿದ್ದರೆ ಯಾವ ಮಾತ್ರೆ ಯಾವ ಹೊತ್ತಿಗೆ ಎಂಬುದೂ ನನಗೆ ಬಾಯಿಪಾಠವಾಗಿರುತ್ತಿತ್ತು.

ಅವರು ನನಗೆ ತಟ್ಟೆಯಲ್ಲಿ ಬೆಲ್ಲ, ಲೋಟದಲ್ಲಿ ನೀರು ತಂದಿಟ್ಟರು. ತುಳುವಿನಲ್ಲೇ ಮಾತಾಡಿದರು. ತವರು ಮೂಡುಬಿದಿರೆಯ ಕಡೆಯಂತೆ. ನಾನು ಬೆಲ್ಲ ಬಾಯಿಗೆ ಹಾಕಿಕೊಂಡ ಮೇಲೆ ಮೆಲ್ಲಗೆ ಕೇಳಿದರು, "ನಮ್ಮ ಪೂಜೆಗೆ ನೀವು ಬರ್ಲಿಲ್ಲ ಅಲ್ವಾ ಟೀಚರೇ? ಇವರು ಆಸ್ಪತ್ರೆಯಿಂದ ಜೀವಂತ ಬಂದದ್ದಕ್ಕೆ ಮಾಡಿದ ಪೂಜೆ ಅದು. ನಿಮ್ಮದು ಅಂತ ನಾಲ್ಕು ಎಲೆ ಇಟ್ಟು ಕಾದೆ."

ಹೇಳಿಕೆ ಇರಲಿಲ್ಲವಲ್ಲ ಎಂಬ ಮಾತು ನನ್ನ ಮುಖದಲ್ಲೇ ಇದ್ದಿರಬೇಕು. ಅವರಿಗೇ ಅರ್ಥವಾಯಿತು. "ಮನೆಮನೆಗೆ ಬಂದು ಹೇಳಬೇಕಿತ್ತು, ನನಗೂ ಗೊತ್ತುಂಟು. ಆಗ ಇವರನ್ನು ಬಿಟ್ಟು ಗೇಟು ದಾಟ್ಲಿಕ್ಕೆ ಆಗ್ತಿರ್ಲಿಲ್ಲ. ಈಗಲೂ ಆಗುವುದಿಲ್ಲ" ಎಂದರು.

ನಾಚಿಕೆಯಾಯಿತು, ಅದರ ಹಿಂದೆಯೇ ಸಿಟ್ಟೂ ಬಂತು. ಇದನ್ನು ಮೊದಲೇ ಹೇಳಬಾರದಿತ್ತೇ ಎಂಬ ಸಿಟ್ಟು. ಏನು ಮಾಡಬೇಕೆಂದು ತಿಳಿಯದೆ ಕಾರ್ಡು ಕೊಟ್ಟು, ಉಳಿದ ಮನೆಗಳಲ್ಲಿ ಹೇಳಿದ್ದನ್ನೇ ಹೇಳಿದೆ, "ನೀವು ಬಂದು ಸುಧಾರಿಸಿ ಕೊಡಬೇಕು."

ಅವರು ಕಾರ್ಡನ್ನು ಕಣ್ಣಿಗೆ ಒತ್ತಿಕೊಂಡರು. "ಮೂಡುಬಿದಿರೆವರೆಗೆ ಬರುವ ಹಾಗಿಲ್ಲ ನಾನು. ಬೇಜಾರು ಮಾಡಬೇಡಿ. ನನ್ನಿಂದ ಆದದ್ದು ಮಾಡಿ ಕೊಡ್ತೇನೆ" ಎಂದರು. ಬರುವುದಿಲ್ಲ ಎನ್ನುವುದನ್ನು ಒಳ್ಳೆಯ ಮಾತಿನಲ್ಲಿ ಹೇಳಿದರು ಎಂದುಕೊಂಡು ಮನೆಗೆ ಬಂದೆ. ಅತ್ತೆಗೆ ಎಲ್ಲವನ್ನೂ ಹೇಳಿದೆ. ಅವರು "ನಾಲ್ಕು ಎಲೆ ಇಟ್ಟಿದ್ದರಾ?" ಎಂದು ಮಾತ್ರ ಕೇಳಿದರು.

ಮದುವೆಯ ಮುನ್ನಾದಿನ ಸಂಜೆ ನಮ್ಮ ಮನೆ ಮದುವೆ ಮನೆಯಂತೆ ಇರಲಿಲ್ಲ. ಸಾಮಾನೆಲ್ಲ ಮೊದಲೇ ಸಭಾಭವನಕ್ಕೆ ಹೋಗಿತ್ತು. ಮಗಳು ಒಳಗೆ ಕೈಗೆ ಮೆಹಂದಿ ಹಾಕಿಸಿಕೊಂಡು ಅಲುಗಾಡದೆ ಕೂತಿದ್ದಳು. ನನ್ನ ಗಂಡ ಬಸ್ಸಿನವನಿಗೆ ಫೋನ್ ಮಾಡುತ್ತಿದ್ದರು. ಅಡುಗೆಮನೆ ತೊಳೆದು ಒರೆಸಿ ಮುಗಿದಿತ್ತು, ಫ್ರಿಜ್ಜಿನಲ್ಲಿ ಹಾಲಿನ ಪೊಟ್ಟಣ ಬಿಟ್ಟರೆ ಏನಿಲ್ಲ. ಗಂಟೆ ಐದು. ಗೇಟು ತೆರೆದ ಸದ್ದಿಗೆ ಹೊರಗೆ ಬಂದರೆ ಎದುರು ಮನೆಯ ಅಕ್ಕ. ಹಳೆಯ ಹತ್ತಿಸೀರೆ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದ್ದರು. ಕೈಯಲ್ಲಿ ಬಟ್ಟೆಯಲ್ಲಿ ಸುತ್ತಿದ ಚೂರಿ.

"ಇವರ ಹತ್ತಿರ ಒಬ್ಬಳು ನರ್ಸಮ್ಮನನ್ನು ಕೂರಿಸಿ ಬಂದಿದ್ದೇನೆ. ಎರಡು ಗಂಟೆ ನನಗೆ ಪುರುಸೊತ್ತು ಉಂಟು. ಎಲ್ಲಿ, ತರಕಾರಿ ಎಲ್ಲಿ ಇಟ್ಟಿದ್ದೀರಿ?" ಎಂದು ಕೇಳುತ್ತಲೇ ಜಗಲಿ ಹತ್ತಿದರು.

ಅತ್ತೆ ಕುರ್ಚಿಯಿಂದ ಎದ್ದರು. ಅವರ ಮುಖ ಅಷ್ಟು ಅರಳಿದ್ದನ್ನು ಈ ರಸ್ತೆಗೆ ಬಂದ ಮೇಲೆ ನಾನು ನೋಡಿರಲಿಲ್ಲ. "ಬನ್ನಿ, ಬನ್ನಿ" ಎಂದವರು ನನ್ನತ್ತ ತಿರುಗಿದರು. ನನಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು.

"ತರಕಾರಿ ಇಲ್ಲಿ ಇಲ್ಲ ಅಕ್ಕ. ಎಲ್ಲ ಮದುವೆ ಹಾಲ್‌ನಲ್ಲೇ. ಕ್ಯಾಟರಿಂಗಿನವರೇ ಮಾಡ್ತಾರೆ" ಎಂದೆ.

"ಕಾಯಿ ತುರೀಲಿಕ್ಕೆ?"

"ಅದೂ ಅವರದ್ದೇ. ಯಂತ್ರ ಉಂಟಂತೆ."

"ಎಲೆ ಒರೆಸ್ಲಿಕ್ಕಾದ್ರೂ ಉಂಟಾ?"

ಇಲ್ಲ ಎಂದು ತಲೆಯಾಡಿಸಿದೆ. ಅವರು ಕೈಯಲ್ಲಿದ್ದ ಚೂರಿಯನ್ನೊಮ್ಮೆ, ತೊಳೆದ ನಮ್ಮ ಜಗಲಿಯನ್ನೊಮ್ಮೆ ನೋಡಿದರು. ಸಿಟ್ಟಿನಿಂದಲ್ಲ, ನಿಜವಾಗಿಯೂ ತಿಳಿಯದೆ ಕೇಳಿದರು, "ಹಾಗಾದ್ರೆ ನನ್ನನ್ನು ಕರೆದದ್ದು ಎಂತಕ್ಕೆ ಟೀಚರೇ?"

ಸುಮ್ಮನೆ ಕೂತು ಮಾತಾಡುವ, ಚಹಾ ಮಾಡ್ತೇನೆ ಎಂದು ನಾನು ಏನೇನೋ ತೊದಲಿದೆ. "ಸುಮ್ಮನೆ ಕೂರುವುದು ನನಗೆ ಮನೆಯಲ್ಲೇ ಉಂಟಲ್ಲ" ಎಂದು ನಕ್ಕರು. ಒಳಗೆ ಹೋಗಿ ಮಗಳ ತಲೆ ಮುಟ್ಟಿ ಹರಸಿದರು. ಅವಳಿಗೆ ಇವರು ಯಾರೆಂದೇ ಗೊತ್ತಿರಲಿಲ್ಲ. ಅತ್ತೆ ಕೊಟ್ಟ ಬೆಲ್ಲದ ತುಂಡನ್ನು ನಿಂತೇ ತಿಂದು, ನೀರು ಕುಡಿದು, "ಒಳ್ಳೇದಾಗ್ಲಿ" ಎಂದು ಹೊರಟರು.

ಅವರು ಗೇಟು ದಾಟಿದ ಮೇಲೆ ಅತ್ತೆ ನನ್ನ ಕಡೆ ನೋಡದೆಯೇ ಹೇಳಿದರು, "ಎರಡು ವರ್ಷ ಈ ರಸ್ತೆಯವರನ್ನು ಬೈದೆ ನೀನು. ಬಂದವರ ಕೈಗೆ ಕೊಡ್ಲಿಕ್ಕೆ ಒಂದು ಸೌತೆಕಾಯಿ ಇಲ್ಲದ ಮನೆ ನಮ್ಮದೇ ಆಯ್ತು."

ನನ್ನ ಬಳಿ ಉತ್ತರಗಳು ಬೇಕಾದಷ್ಟಿದ್ದವು. ಉತ್ತರಪತ್ರಿಕೆ, ಸೊಂಟನೋವು, ಈಗ ಯಾರು ಮನೆಯಲ್ಲಿ ಹೆಚ್ಚುತ್ತಾರೆ ಎನ್ನುವುದು, ನೀವೂ ಅಲ್ಲವೇ ಅಂದು ಪೂಜೆಗೆ ಬೇಡ ಎಂದದ್ದು ಎನ್ನುವುದು. ಅತ್ತೆ ಹೇಳಿದ್ದು ಸರಿ ಎಂದು ಗೊತ್ತಿದ್ದೂ ಅವರ ಮೇಲೆ ರೇಗಿತು. ರಸ್ತೆಯ ಆಚೆ ನೋಡಿದೆ. ಎದುರು ಮನೆಯ ಅಕ್ಕ ಒಳಗೆ ಹೋಗಿರಲಿಲ್ಲ. ಚೂರಿಯನ್ನು ಮಡಿಲಲ್ಲಿಟ್ಟುಕೊಂಡು ತಮ್ಮ ಮೆಟ್ಟಿಲ ಮೇಲೆ ಒಬ್ಬರೇ ಕೂತಿದ್ದರು. ಅವರು ಹೊಂದಿಸಿಕೊಂಡು ಬಂದಿದ್ದ ಎರಡು ಗಂಟೆಯಲ್ಲಿ ಕಾಲು ಗಂಟೆಯೂ ಮುಗಿದಿರಲಿಲ್ಲ.